ಮೆಥೊಟ್ರೆಕ್ಸೇಟ್ ಬರೆದಿದ್ದಾರೆ, ಶುರು ಮಾಡಲಾ?

ಡೊಂಬಿವಲಿಯಿಂದ ಪ್ರಶ್ನೆ:
ನನಗೆ 34 ವರ್ಷ. ನಾಲ್ಕು ತಿಂಗಳಿಂದ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ, ಗೆಣ್ಣುಗಳು ಊದಿರುತ್ತವೆ. ಡಾಕ್ಟರು ರುಮಟಾಯ್ಡ್ ಆರ್ಥ್ರೈಟಿಸ್ (ಒಂದು ಬಗೆಯ ಕೀಲುವಾತ) ಅಂದರು, ಮೆಥೊಟ್ರೆಕ್ಸೇಟ್ ಬರೆದರು. ಅದು ಕ್ಯಾನ್ಸರ್ ಮಾತ್ರೆ, ಬೇಡ ಅಂತಾರೆ ನಮ್ಮತ್ತೆ. ಇನ್ನೊಂದು ಮಗುವಿನ ಆಸೆಯೂ ಇದೆ. ತೆಗೆದುಕೊಂಡವರು ಯಾರಾದರೂ ಹೇಳಿ.

ಮುಲುಂಡಿನಿಂದ:
ತಂಗೀ, ನಾನು ಹನ್ನೊಂದು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ. ಹೆದರಬೇಡಿ, ಆದರೆ ತಡ ಮಾಡಲೂಬೇಡಿ. ನಾನು ಒಂದೂವರೆ ವರ್ಷ ಸುಮ್ನೆ ಕಳೆದೆ. ಮೊದಲು ತೋರಿಸಿದ ಮೂಳೆ ಡಾಕ್ಟರು ನೋವಿನ ಮಾತ್ರೆ, ಕ್ಯಾಲ್ಸಿಯಂ ಕೊಟ್ಟು ಕಳಿಸುತ್ತಿದ್ದರು. ಊರಿಗೆ ಹೋದಾಗ ಯಾರೋ ಒಂದು ಪುಡಿ ಕೊಟ್ಟರು. ಎರಡೇ ದಿನಕ್ಕೆ ನೋವು ಮಾಯ! ಎರಡು ತಿಂಗಳಿಗೆ ಮುಖ ಊದಿಕೊಂಡಿತು. ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬೇಕು ಅಂದರು ಆಮೇಲೆ ನೋಡಿದ ರುಮಟಾಲಜಿಸ್ಟ್, ಅಂದರೆ ಕೀಲುವಾತದ ತಜ್ಞರು. ಅಷ್ಟರಲ್ಲಿ ನನ್ನ ಬಲಗೈಯ ಎರಡು ಬೆರಳು ಸೊಟ್ಟಗಾಗಿದ್ದವು. ಇವತ್ತಿಗೂ ಹಾಗೇ ಇವೆ. ಒಮ್ಮೆ ಸವೆದ ಕೀಲನ್ನು ಯಾವ ಮಾತ್ರೆಯೂ ಸರಿ ಮಾಡುವುದಿಲ್ಲ.

ಈ ಔಷಧಿಯನ್ನು ಕ್ಯಾನ್ಸರಿಗೂ ಕೊಡುವುದು ನಿಜ, ಆದರೆ ಅಲ್ಲಿ ಡೋಸ್ ತುಂಬಾ ಜಾಸ್ತಿ. ನಮ್ಮ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ತಿರುಗಿ ಬಿದ್ದಿರುತ್ತದೆ ಅಲ್ವಾ, ಅದನ್ನು ಈ ಮಾತ್ರೆ ವಾರಕ್ಕೊಮ್ಮೆಯ ಸಣ್ಣ ಡೋಸಿನಲ್ಲಿ ತಣ್ಣಗಾಗಿಸುತ್ತದೆ. ನಿಧಾನ, 6ರಿಂದ 12 ವಾರ ಬೇಕು. ಮೊದಲ ತಿಂಗಳು ನನಗೇನೂ ಗೊತ್ತಾಗಲಿಲ್ಲ, ಬಿಟ್ಟುಬಿಡೋಣ ಅನಿಸಿತ್ತು. ಒಂಬತ್ತನೇ ವಾರದ ಒಂದು ಬೆಳಿಗ್ಗೆ ಕುಕ್ಕರ್ ಮುಚ್ಚಳವನ್ನು ಯಜಮಾನರನ್ನು ಕರೆಯದೆ ನಾನೇ ತೆಗೆದೆ. ಒಲೆ ಮುಂದೆ ನಿಂತು ಅತ್ತುಬಿಟ್ಟೆ. ಶನಿವಾರ ರಾತ್ರಿ ಊಟ ಆದ ಮೇಲೆ ತೆಗೆದುಕೊಳ್ಳುತ್ತೇನೆ, ಭಾನುವಾರ ಸ್ವಲ್ಪ ಹೊಟ್ಟೆ ತೊಳಸುತ್ತದೆ. ಸೋಮವಾರ ಫೋಲಿಕ್ ಆಸಿಡ್ ಅನ್ನುವ ವಿಟಮಿನ್ ಮಾತ್ರೆ, ಅಡ್ಡಪರಿಣಾಮ ಕಡಿಮೆಯಾಗಲಿ ಅಂತ.

ಮಗುವಿನ ವಿಷಯ ಮಾತ್ರ ಮೊದಲ ಮಾತ್ರೆ ನುಂಗುವ ಮುಂಚೆಯೇ ಡಾಕ್ಟರಿಗೆ ಹೇಳಿ. ಮೆಥೊಟ್ರೆಕ್ಸೇಟ್ ನಡೆಯುತ್ತಿರುವಾಗ ಬಸಿರಾಗಬಾರದು, ಹೊಟ್ಟೆಯ ಮಗುವಿಗೆ ಅಪಾಯ. ಕೆಲವು ತಿಂಗಳು ಮೊದಲೇ ನಿಲ್ಲಿಸಬೇಕು. ಆ ಸಮಯಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್ ಅಂತ ಬೇರೆ ಔಷಧಿಗಳಿವೆ. ಈ ಕಾಯಿಲೆ ಇದ್ದೂ ತಾಯಿಯಾದವರು ಬೇಕಾದಷ್ಟು ಜನ ಇದ್ದಾರೆ. ಆಸೆ ಬಿಡಬೇಡಿ.

ಥಾಣೆಯಿಂದ:
ನನ್ನದು ಬೆನ್ನುಮೂಳೆಯ ಕೀಲುವಾತ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಖರ್ಚಿನ ಚಿಂತೆ ಇದ್ದರೆ ಪರೇಲಿನ ಕೆಇಎಂಗೆ ಹೋಗಿ. ಮುಂಬೈ ಪಾಲಿಕೆಯ ಆಸ್ಪತ್ರೆ, ರುಮಟಾಲಜಿ ವಿಭಾಗ ಇದೆ. ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದರೆ ಪರೇಲ್‌ನಲ್ಲೇ ಇಳಿಯಬಹುದು. ಓಪಿಡಿ ಯಾವ ದಿನ ಅಂತ ಮೊದಲೇ ವಿಚಾರಿಸಿ, ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ರಿಪೋರ್ಟುಗಳೆಲ್ಲ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿರಲಿ. ಈ ಕಾಯಿಲೆ ಗುರುತಿಸಲು ಮಾಡುವ ಆಂಟಿ-ಸಿಸಿಪಿ ರಕ್ತ ಪರೀಕ್ಷೆ ಮಾಡಿಸಿದ್ದೀರಾ? ಆರ್‌ಎ ಫ್ಯಾಕ್ಟರ್ ಅನ್ನುವ ರಕ್ತ ಪರೀಕ್ಷೆ ಒಂದನ್ನೇ ನಂಬಿ ಕೂರಬೇಡಿ, ಕಾಯಿಲೆ ಇಲ್ಲದವರಲ್ಲೂ ಅದು ಪಾಸಿಟಿವ್ ಬರುವುದುಂಟು. ಲೋಕಲ್‌ನಲ್ಲಿ ಕೈ ನೋಯುವಾಗ ಸೀಟು ಕೇಳಲು ಸಂಕೋಚ ಬೇಡ. ನೋಡಲು ಚೆನ್ನಾಗಿಯೇ ಇದ್ದೀಯಲ್ಲ ಅನ್ನುತ್ತಾರೆ. ಅನ್ನಲಿ. ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೇ ಸೀಟಾದರೂ ಸಿಗುತ್ತದೆ.

ಮಾಟುಂಗಾದಿಂದ:
ನನ್ನದೊಂದೇ ಮಾತು, ದಯವಿಟ್ಟು ಗಮನವಿಟ್ಟು ಓದಿ. ನಮ್ಮಮ್ಮ ಇದೇ ಮಾತ್ರೆಯನ್ನು ವಾರಕ್ಕೊಮ್ಮೆಯ ಬದಲು ದಿನಾ ನುಂಗಿದರು. ಬಿಪಿ ಮಾತ್ರೆಯ ಡಬ್ಬಿಯಲ್ಲೇ ಇದನ್ನೂ ಇಟ್ಟವಳು ನಾನು. ಎಂಟನೇ ದಿನ ಬಾಯಿ ತುಂಬ ಹುಣ್ಣು, ಗಂಜಿ ತಿಳಿಯೂ ಗಂಟಲಲ್ಲಿ ಇಳಿಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ ತೀರಾ ಇಳಿದಿದ್ದವು. ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ಉಳಿದುಕೊಂಡರು, ದೇವರು ದೊಡ್ಡವನು.

ಈಗ ಸ್ಟ್ರಿಪ್ ಮೇಲೆ ದಪ್ಪ ಮಾರ್ಕರ್‌ನಲ್ಲಿ ‘ಬುಧವಾರ ಮಾತ್ರ’ ಅಂತ ಬರೆದು ನನ್ನ ಬೀರುವಿನಲ್ಲಿಡುತ್ತೇನೆ. ಆ ವಾರದ್ದನ್ನು ಮಾತ್ರ ಕೈಗೆ ಕೊಡುತ್ತೇನೆ. ನೀವೂ ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ, ಮನೆಯವರಿಗೂ ಹೇಳಿಡಿ. ಸಿಬಿಸಿ (ರಕ್ತಕಣಗಳ ಎಣಿಕೆ), ಲಿವರ್, ಕ್ರಿಯಾಟಿನಿನ್ (ಕಿಡ್ನಿಯದು) ಪರೀಕ್ಷೆ ಶುರುವಿನಲ್ಲಿ 2ರಿಂದ 4 ವಾರಕ್ಕೊಮ್ಮೆ, ಆಮೇಲೆ ಸುಮಾರು 3 ತಿಂಗಳಿಗೊಮ್ಮೆ ಇರುತ್ತದೆ. ಚೆನ್ನಾಗಿದ್ದೀನಲ್ಲ ಅಂತ ತಪ್ಪಿಸಬೇಡಿ. ಬಾಯಿ ಹುಣ್ಣು, ಜ್ವರ, ಒಣಕೆಮ್ಮು, ಉಸಿರು ಹಿಡಿದಂತಾಗುವುದು, ಇದರಲ್ಲಿ ಒಂದು ಕಂಡರೂ ಮುಂದಿನ ಮಾತ್ರೆ ಮುಟ್ಟುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ, ಅವತ್ತೇ.