ಪ್ರಿಎಕ್ಲಾಂಪ್ಸಿಯಾದಲ್ಲಿ ಎಫ್‌ಎಂಡಿ: ಕಫ್ ಎಲ್ಲಿ ಕಟ್ಟಬೇಕು, ರೀಡಿಂಗ್ ಯಾಕೆ ಏರುಪೇರಾಗುತ್ತದೆ?

ಒಬಿಜಿ ಪಿಜಿ:
ಥೀಸಿಸ್‌ಗಾಗಿ ಪ್ರಿಎಕ್ಲಾಂಪ್ಸಿಯಾ (ಗರ್ಭಾವಸ್ಥೆಯಲ್ಲಿ ಬಿಪಿ ಏರುವ ಗಂಭೀರ ತೊಂದರೆ) ಇರುವ ಗರ್ಭಿಣಿಯರಲ್ಲೂ ಬಿಪಿ ಸರಿಯಿರುವ ಗರ್ಭಿಣಿಯರಲ್ಲೂ ಬ್ರೇಕಿಯಲ್ ಆರ್ಟರಿಯ (ಮೇಲ್ತೋಳಿನ ಮುಖ್ಯ ರಕ್ತನಾಳ) ಫ್ಲೋ ಮೀಡಿಯೇಟೆಡ್ ಡೈಲೇಶನ್ (ಎಫ್‌ಎಂಡಿ), ಅಂದರೆ ಕಫ್‌ನಿಂದ ತಡೆದ ರಕ್ತ ಮತ್ತೆ ಹರಿದಾಗ ನಾಳ ಶೇಕಡಾ ಎಷ್ಟು ಹಿಗ್ಗುತ್ತದೆ ಎಂಬುದನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆಯಬೇಕಿದೆ. ಕಫ್ ಅನ್ನು ಕೆಲವರು ಮೊಣಕೈ ಮೇಲೆ ಕಟ್ಟುತ್ತಾರೆ, ಕೆಲವರು ಕೆಳಗೆ. ಒಬ್ಬರಲ್ಲೇ ಒಮ್ಮೆ 4%, ಇನ್ನೊಮ್ಮೆ 9% ಬರುತ್ತಿದೆ. 6 ಗಂಟೆ ಉಪವಾಸ ಇವರಿಗೆ ಸರಿಯೇ? ಹೋಲಿಕೆಗೆ, ನಾಳವನ್ನು ನೇರವಾಗಿ ಸಡಿಲಿಸುವ ನೈಟ್ರೋಗ್ಲಿಸರಿನ್ ಕೊಡಲೇಬೇಕೆ?

ವ್ಯಾಸ್ಕುಲರ್ ಲ್ಯಾಬ್:
ಕಫ್ ಮುಂಗೈಗೇ ಕಟ್ಟಿ, ಪ್ರೋಬ್ ಮೊಣಕೈ ಮಡಿಕೆಯಿಂದ ಸ್ವಲ್ಪ ಮೇಲಿರಲಿ. ಮೇಲ್ತೋಳಿಗೆ ಕಟ್ಟಿದರೆ ನೀವು ಅಳೆಯುವ ರಕ್ತನಾಳದ ಭಾಗಕ್ಕೇ ರಕ್ತ ನಿಲ್ಲುತ್ತದೆ. ಆಗ ಹಿಗ್ಗುವಿಕೆ ಹೆಚ್ಚು ಕಾಣುತ್ತದೆ, ಆದರೆ ಅದರಲ್ಲಿ ಎಂಡೋಥೀಲಿಯಂ (ನಾಳದ ಒಳಪದರ) ಬಿಡುಗಡೆ ಮಾಡುವ, ನಾಳ ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಪಾಲು ಎಷ್ಟೆಂದು ಬೇರ್ಪಡಿಸಲಾಗದು. ನಿಮ್ಮ ಪ್ರಶ್ನೆಯೇ ಎಂಡೋಥೀಲಿಯಂ ಬಗ್ಗೆ ಇರುವುದರಿಂದ ಇಲ್ಲಿ ರಾಜಿ ಬೇಡ.

ಎಡಮಗ್ಗುಲಿಗೆ ವಾಲಿಸಿ ಮಲಗಿಸಿ. ಅಂಗಾತ ಮಲಗಿದರೆ ಗರ್ಭಕೋಶ ವೀನಾ ಕೇವಾವನ್ನು (ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ನಾಳ) ಒತ್ತಿ ಬಿಪಿ ಇಳಿಯುತ್ತದೆ, ಬೇಸ್‌ಲೈನೇ ಕೆಡುತ್ತದೆ. 15 ನಿಮಿಷ ವಿಶ್ರಾಂತಿ, 1 ನಿಮಿಷ ಬೇಸ್‌ಲೈನ್ ರೆಕಾರ್ಡಿಂಗ್, ಸಿಸ್ಟಾಲಿಕ್‌ಗಿಂತ ಕನಿಷ್ಠ 50 ಎಂಎಂ ಹೆಚ್ಚು ಒತ್ತಡದಲ್ಲಿ ಸರಿಯಾಗಿ 5 ನಿಮಿಷ, ಗಾಳಿ ಬಿಟ್ಟ ಮೇಲೆ 3 ನಿಮಿಷ ಎಡೆಬಿಡದ ರೆಕಾರ್ಡಿಂಗ್. 60ನೇ ಸೆಕೆಂಡಿನ ಒಂದೇ ಫ್ರೇಮ್ ಹಿಡಿಯುವ ಹಳೆಯ ಪದ್ಧತಿ ಬಿಡಿ: ಗರಿಷ್ಠ ಹಿಗ್ಗುವಿಕೆ ಎಲ್ಲರಲ್ಲೂ ಅದೇ ಕ್ಷಣಕ್ಕೆ ಬರುವುದಿಲ್ಲ.

ನಿಮ್ಮ ಏರುಪೇರಿಗೆ ಕಾರಣ ಬಹುಶಃ ಕೈಯಿಂದ ಕ್ಯಾಲಿಪರ್ ಇಡುವುದು. 3.2 ಎಂಎಂ ನಾಳದಲ್ಲಿ 0.1 ಎಂಎಂ ತಪ್ಪಿದರೆ ಅಲ್ಲೇ 3% ಹೋಯಿತು. ಪ್ರೋಬನ್ನು ಸ್ಟ್ಯಾಂಡಿಗೆ ಬಿಗಿಯಿರಿ, ಅಳತೆಯನ್ನು ಇಸಿಜಿಯ ಆರ್ ವೇವ್‌ಗೆ (ಪ್ರತಿ ಬಡಿತದ ಒಂದೇ ಘಟ್ಟಕ್ಕೆ) ಹೊಂದಿಸಿ, ನಾಳದ ಗೋಡೆಯನ್ನು ತಾನೇ ಗುರುತಿಸುವ ಎಡ್ಜ್ ಡಿಟೆಕ್ಷನ್ ಸಾಫ್ಟ್‌ವೇರ್ ಬಳಸಿ. ಡಾಪ್ಲರ್ ಕೋನ 60 ಡಿಗ್ರಿ ದಾಟದಿರಲಿ.

ಫೀಟಲ್ ಮೆಡಿಸಿನ್:
ಉಪವಾಸಕ್ಕೆ ಹಟ ಬೇಡ. ಜಿಡ್ಡಿನ ಊಟ ಎಫ್‌ಎಂಡಿ ತಗ್ಗಿಸುತ್ತದೆ, ಕಾಫಿಯೂ ಫಲಿತಾಂಶ ಕೆಡಿಸುತ್ತದೆ. ಎರಡೂ ಗುಂಪಿಗೆ ತುಪ್ಪವಿಲ್ಲದ ಇಡ್ಲಿಯಂಥ ಒಂದೇ ಬಗೆಯ ಹಗುರ ತಿಂಡಿ, ಒಂದೇ ಹೊತ್ತು ಇಟ್ಟುಕೊಳ್ಳಿ. ನೈಟ್ರೋಗ್ಲಿಸರಿನ್ ಕೈಬಿಡಿ. ಬಿಪಿ ದಿಢೀರ್ ಇಳಿದರೆ ಜರಾಯುವಿಗೆ ರಕ್ತ ಕಡಿಮೆಯಾಗುತ್ತದೆ, ಥೀಸಿಸ್‌ಗಾಗಿ ಆ ಅಪಾಯ ಸಲ್ಲದು. ನಾಳದ ಗೋಡೆಯ ನಯ ಸ್ನಾಯುವಿನ ಪಾಲು ಪ್ರತ್ಯೇಕಿಸಲಾಗಿಲ್ಲ ಎಂದು ಮಿತಿಗಳಲ್ಲಿ ಬರೆಯಿರಿ, ಸಾಕು.

ಬಿಪಿ 160/110 ಮುಟ್ಟಿದ್ದರೆ ಮೊದಲು ಚಿಕಿತ್ಸೆ. ಪ್ಲೇಟ್‌ಲೆಟ್ ತೀರಾ ಕಡಿಮೆ ಇರುವವರಿಗೆ 5 ನಿಮಿಷದ ಕಫ್ ಕಟ್ಟಬೇಡಿ, ಚರ್ಮದಡಿ ರಕ್ತ ಒಸರುತ್ತದೆ. ಡ್ರಿಪ್ ಇರುವ ಕೈಯೂ ಬೇಡ.

ಒಬಿಜಿ ಪಿಜಿ:
ಧನ್ಯವಾದ ಸರ್, ಮೇಡಂ. ನಿಫೆಡಿಪಿನ್, ಮೆಗ್ನೀಷಿಯಂ ಶುರುವಾದವರನ್ನು ಹೊರಗಿಡಬೇಕೆ?

ವ್ಯಾಸ್ಕುಲರ್ ಲ್ಯಾಬ್:
ಹೊರಗಿಟ್ಟರೆ ತೀವ್ರ ಕಾಯಿಲೆಯವರೆಲ್ಲ ಬಿಟ್ಟುಹೋಗುತ್ತಾರೆ. ಎರಡೂ ನಾಳ ಸಡಿಲಿಸುವ ಔಷಧಿಗಳೇ, ಆದ್ದರಿಂದ ಡೋಸ್, ಕೊನೆಯ ಡೋಸಿನ ಸಮಯ ಬರೆದುಕೊಂಡು ಅವರನ್ನು ಬೇರೆಯಾಗಿಯೇ ವಿಶ್ಲೇಷಿಸಿ. ಅಳತೆಗೋಸ್ಕರ ಡೋಸ್ ಮುಂದೂಡುವಂತಿಲ್ಲ.

ಶೇಕಡಾವಾರು ಮಾತ್ರ ಕೊಡಬೇಡಿ. ಅದೇ 0.24 ಎಂಎಂ ಹಿಗ್ಗುವಿಕೆ 3.2ರ ನಾಳದಲ್ಲಿ 7.5%, 3.6ರಲ್ಲಿ 6.7%. ಗರ್ಭಾವಸ್ಥೆಯಲ್ಲಿ ನಾಳವೇ ಅಗಲವಾಗುವುದರಿಂದ ಬೇಸ್‌ಲೈನ್ ವ್ಯಾಸ, ಶಿಯರ್ ರೇಟ್ (ಹರಿಯುವ ರಕ್ತ ನಾಳದ ಗೋಡೆಯನ್ನು ಉಜ್ಜುವ ಪ್ರಮಾಣದ ಅಳತೆ) ಎರಡೂ ಟೇಬಲ್‌ನಲ್ಲಿರಲಿ, ಗುಂಪುಗಳನ್ನು ಗರ್ಭದ ವಾರಕ್ಕೆ ಹೊಂದಿಸಿ.

ಫೀಟಲ್ ಮೆಡಿಸಿನ್:
ಒಂದು ಮಾತು ಸೇರಿಸುತ್ತೇನೆ. ಎಫ್‌ಎಂಡಿ ಗುಂಪುಗಳ ಹೋಲಿಕೆಗೆ ಒಳ್ಳೆಯದು, ವಾರ್ಡಿನಲ್ಲಿರುವ ಒಬ್ಬ ತಾಯಿಯ ನಿರ್ಧಾರಕ್ಕಲ್ಲ. ಪ್ರಿಎಕ್ಲಾಂಪ್ಸಿಯಾ ಶಂಕೆ ಇದ್ದಾಗ ರಕ್ತದಲ್ಲಿನ ಎಸ್‌ಎಫ್‌ಎಲ್‌ಟಿ-1/ಪಿಎಲ್‌ಜಿಎಫ್ (ಜರಾಯುವಿನ ಎರಡು ಪ್ರೋಟೀನ್‌ಗಳು) ಅನುಪಾತ 38 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮುಂದಿನ ಒಂದು ವಾರದಲ್ಲಿ ಅದು ಬರುವ ಸಾಧ್ಯತೆ ತೀರಾ ಕಡಿಮೆ. ಸಾಧ್ಯವಾದರೆ ಹೆರಿಗೆಯಾದ ಮೇಲೂ ಇದೇ ತಾಯಂದಿರನ್ನು ಕರೆಸಿ ಅಳೆಯಿರಿ, ಕೆಲವರಲ್ಲಿ ಬಿಪಿ ಸರಿಹೋದ ಮೇಲೂ ಎಫ್‌ಎಂಡಿ ಕಡಿಮೆಯೇ ಉಳಿದಿರುತ್ತದೆ.