ಕುಶಾಲನಗರದಲ್ಲಿ ಹೊಳೆ ಪಕ್ಕದ ಮನೆ ಕಡಿಮೆಗೆ ಸಿಗುತ್ತಿದೆ, ತೆಗೆದುಕೊಳ್ಳಬಹುದಾ?

ಮೈಸೂರಿನವ
ನಮಸ್ಕಾರ. ಹೆಂಡತಿಗೆ ಕುಶಾಲನಗರಕ್ಕೆ ವರ್ಗ ಆಗಿದೆ. ಕಾವೇರಿ ಹೊಳೆಗೆ ಹತ್ತಿರದ ಬಡಾವಣೆಯಲ್ಲಿ 30-40 ಸೈಟಿನ ಮನೆಯನ್ನು 38 ಲಕ್ಷಕ್ಕೆ ಕೊಡುತ್ತಾರಂತೆ. ಅದೇ ಅಳತೆಯ ಮನೆ ಮೇಲಿನ ರಸ್ತೆ ಕಡೆ 60ಕ್ಕೆ ಕಮ್ಮಿ ಇಲ್ಲ. ಬೀದಿಯಲ್ಲಿ 12 ಮನೆ, ಅದರಲ್ಲಿ 5ಕ್ಕೆ ಬೀಗ. ಮೂಲೆಯ ದಿನಸಿ ಅಂಗಡಿಯೂ ಮುಚ್ಚಿದೆ. ಅಪ್ಪ ಅಮ್ಮ ನಮ್ಮ ಜೊತೆಗೇ ಇರುತ್ತಾರೆ, ಅಮ್ಮನಿಗೆ ಮಂಡಿ ನೋವು. ಇಂಥ ಕಡೆ ತೆಗೆದುಕೊಂಡವರು, ಬಿಟ್ಟು ಹೋದವರು ಅನುಭವ ಹೇಳಿ.

ಹೊಳೆದಂಡೆ
ನಾನು ಆ ಕಡೆಯವನೇ. 2014ರಲ್ಲಿ ಮನೆ ಕಟ್ಟಿದೆ. 2018ರ ಆಗಸ್ಟ್ ತನಕ ನಮ್ಮ ಬೀದಿಗೆ ಹೊಳೆ ಬಂದಿರಲಿಲ್ಲ. ಆವತ್ತು ಸಂಜೆ ಬಚ್ಚಲಿನ ಜಾಲರಿಯಿಂದ ಗುಳುಗುಳು ಅಂತ ನೀರು ಮೇಲೆದ್ದಿತು. ಬಾಗಿಲಿಂದಲ್ಲ, ಬಚ್ಚಲಿಂದ. ಬೆಳಗಾಗುವಾಗ ನಡುಮನೆಯಲ್ಲಿ ಸೊಂಟ ಮಟ್ಟ ನೀರು. ಇಳಿಯಲು ಮೂರು ದಿನ. ಪ್ಲೈವುಡ್ ಕಪಾಟು, ಅಡುಗೆಮನೆ ಕೆಲಸ ಎಲ್ಲ ಉಬ್ಬಿ ಹೋಗಿ 1.85 ಲಕ್ಷ. ಫ್ರಿಡ್ಜು 22 ಸಾವಿರ. ಸಂಪಿನ ಮೋಟಾರು ರೀವೈಂಡಿಂಗ್ 3,800. ಸಂಪು ಮೂರು ಸಲ ತೊಳೆಸಿದೆ, ಸಲಕ್ಕೆ 1,500. ಗೋಡೆ ಒಣಗಲು ಜನವರಿ ತನಕ ಕಾದು ಪುಟ್ಟಿ, ಬಣ್ಣಕ್ಕೆ 74 ಸಾವಿರ. ಬಣ್ಣ ಬಳಿದು ಆರು ತಿಂಗಳಾಗಿತ್ತು, 2019ರ ಆಗಸ್ಟಿನಲ್ಲಿ ಮತ್ತೆ ನೀರು. ಆ ವರ್ಷ ಸರ್ಕಾರದ 10,000 ಬಂತು. ಕೆಸರು ಎತ್ತಿದ ಕೂಲಿಗೇ 9,000 ಹೋಯಿತು.

ಆಮೇಲೆ ಮಾಡಿದ್ದು ಕೇಳಿ. ಕೆಳಗಿನ ಕಪಾಟೆಲ್ಲ ಗ್ರಾನೈಟ್ ಹಲಗೆ. ಮೀಟರ್ ಬೋರ್ಡ್, ಸ್ವಿಚ್ಚು ಎಲ್ಲ ಆರಡಿ ಮೇಲಕ್ಕೆ. ಮೇಲೊಂದು ರೂಮು, ಕಕ್ಕಸು ಕಟ್ಟಿಸಿದೆ, 7.2 ಲಕ್ಷ. ಜುಲೈ ಬಂದರೆ ಅಕ್ಕಿ, ಗ್ಯಾಸು, ಕಾಗದಪತ್ರ ಮೇಲಕ್ಕೆ ಹೋಗುತ್ತವೆ. ವರ್ಷದ 360 ದಿನ ಇದಕ್ಕಿಂತ ಒಳ್ಳೆ ಬೀದಿ ಇಲ್ಲ. ನಾನು ಬಿಡುವುದಿಲ್ಲ.

ಮಾರಿಬಂದವಳು
ಉಳಿದ 5 ದಿನದ ವಿಷಯ ನಾನು ಹೇಳುತ್ತೇನೆ. 2019ರಲ್ಲಿ ನಮ್ಮ ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹುಡುಗರು ಎತ್ತಿ ರಾಫ್ಟಿಗೆ ಹಾಕಿದರು. ಅವರ ಸೆರಗು ನೀರಲ್ಲಿ ಎಳೆದುಕೊಂಡು ಹೋಗುತ್ತಿತ್ತು, ಕೈಯಲ್ಲಿ ಮಾತ್ರೆ ಡಬ್ಬಿ. ಕಾಳಜಿ ಕೇಂದ್ರದಲ್ಲಿ ಆರು ದಿನ ಇದ್ದೆವು. ಆಮೇಲೆ ಅವರು ಆ ಮನೆಗೆ ಕಾಲಿಡಲಿಲ್ಲ. ಕಕ್ಕಸು ಪಿಟ್ ತುಂಬಿ ಒಳಗೆ ಬಂದ ವಾಸನೆ ಎಷ್ಟು ಫಿನಾಯಿಲ್ ಹಾಕಿದರೂ ಹೋಗಲಿಲ್ಲ. 41 ಲಕ್ಷ ಬಿದ್ದ ಮನೆಯನ್ನು 2020ರಲ್ಲಿ 29ಕ್ಕೆ ಮಾರಿದೆವು. ಸಾಲ ಪೂರ್ತಿ ತೀರಲಿಲ್ಲ, ಉಳಿದದ್ದನ್ನು ಚಿನ್ನ ಅಡವಿಟ್ಟು ಕಟ್ಟಿದೆ. ಇನ್ಶೂರೆನ್ಸ್‌ನವರು 2.6 ಲಕ್ಷದ ಬಿಲ್ಲಿಗೆ 61 ಸಾವಿರ ಕೊಟ್ಟರು. ಒಂದು ಬಿಲ್ಲು ಒದ್ದೆಯಾಗಿ ಅಕ್ಷರ ಅಳಿಸಿದೆ ಅಂತ ವಾಪಸ್ ಮಾಡಿದರು. ಒದ್ದೆ ಆಗದೆ ಇರುತ್ತದಾ?

ಬೇಡ ಸರ್. ಮಂಡಿ ನೋವಿನವರನ್ನು ಕರೆದುಕೊಂಡು ಬರಬೇಡಿ.

ಹೊಳೆದಂಡೆ
ಅಕ್ಕ, ನಿಮ್ಮ ಕಷ್ಟ ಕಷ್ಟವೇ. ಆದರೆ 29ಕ್ಕೆ ಮಾರಿ ಹೋದಿರಲ್ಲ, ಆಮೇಲೆ ಯಾರು ಬಂದರೂ ಅದೇ ರೇಟು ಹೇಳುತ್ತಾರೆ. ಉಳಿದವರ ಮನೆಗೆ ಬೆಲೆ ಇಲ್ಲದ ಹಾಗೆ ಆಯಿತು.

ಮಾರಿಬಂದವಳು
ನಿಮ್ಮ ರೇಟು ಉಳಿಸಲು ನಾನು ಅತ್ತೆಯನ್ನು ನೀರಲ್ಲಿ ಕೂರಿಸಬೇಕಿತ್ತಾ? ಮಾತು ನೋಡಿ ಆಡಿ.

ಬರೆಮನೆ ಮಡಿಕೇರಿ
ನೀರಿಗೆ ಹೆದರಿ ಗುಡ್ಡ ಹತ್ತಬೇಡಿ, ಅದಕ್ಕೇ ಬರೆಯುತ್ತಿದ್ದೇನೆ. ನಾವು ಮಡಿಕೇರಿಯಲ್ಲಿ ಬರೆ, ಅಂದರೆ ಗುಡ್ಡದ ಇಳಿಜಾರಿನ ಮಣ್ಣು, ಕಡಿದು ಮಾಡಿದ ಸೈಟು ತೆಗೆದುಕೊಂಡೆವು, ಕಡಿಮೆಗೆ ಸಿಕ್ಕಿತು ಅಂತ. 2018ರಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದ ವಾರವೇ ನಮ್ಮ ಅಡುಗೆಮನೆ ಹಿಂದಿನ ಬರೆಯೂ ಬಿತ್ತು. ಮಣ್ಣು ಕಿಟಕಿ ಸರಳಿನೊಳಗಿಂದ ಹಿಟ್ಟಿನ ಹಾಗೆ ಬಂದು ಒಲೆ ಮುಚ್ಚಿತು. ಮೊದಲು 1.6 ಲಕ್ಷಕ್ಕೆ ಕಲ್ಲಿನ ತಡೆಗೋಡೆ ಕಟ್ಟಿಸಿದೆ. ನೀರು ಹೊರಗೆ ಬರಲು ಮೇಸ್ತ್ರಿ ಪೈಪೇ ಬಿಟ್ಟಿರಲಿಲ್ಲ. ಹಿಂದಿನ ಮಣ್ಣು ನೀರು ಕುಡಿದು ಉಬ್ಬಿತು, ಮರು ಮಳೆಗಾಲಕ್ಕೆ ಗೋಡೆ ಹೊಟ್ಟೆ ಬಿಟ್ಟು ಮಲಗಿತು. ಕಲ್ಲು ತೆಗೆಸಲು 38 ಸಾವಿರ. ಆಮೇಲೆ ಕಾಂಕ್ರೀಟ್ ಗೋಡೆ, 42 ಅಡಿ ಉದ್ದ, 11 ಅಡಿ ಎತ್ತರ, 5.4 ಲಕ್ಷ. ಮೇಲಿನ ಮನೆಯವರ ಬಚ್ಚಲ ನೀರು ಇವತ್ತಿಗೂ ನಮ್ಮ ಬರೆಗೇ ಇಳಿಯುತ್ತಿದೆ. ಹೇಳಿದರೆ ಜಗಳ. ಜೂನ್‌ನಿಂದ ಟಾರ್ಪಾಲ್ ಹೊದಿಸುತ್ತೇನೆ. ರಾತ್ರಿ ಜೋರು ಮಳೆ ಬಂದರೆ ಮುಂದಿನ ರೂಮಿನಲ್ಲೇ ಎಲ್ಲರೂ ಮಲಗುತ್ತೇವೆ. ನೀರು ಬರುವಾಗ ಹೇಳಿ ಬರುತ್ತದೆ. ಬರೆ ಹೇಳುವುದಿಲ್ಲ.

ಮಾರಿಬಂದವಳು
ರಾತ್ರಿ ಎರಡಕ್ಕೆ ನಮಗೆ ಯಾರೂ ಹೇಳಲಿಲ್ಲ. ಹಾರಂಗಿ ಅಣೆಕಟ್ಟಿನ ನೀರು ಬಿಟ್ಟರು, ಊರು ಮುಳುಗಿತು.

ಕೂಡಿಗೆ ಕಡೆಯವ
ಅದು ತಪ್ಪು. ಹಾರಂಗಿ ಹೊಳೆ ಕಾವೇರಿಗೆ ಸೇರುವುದು ಕೂಡಿಗೆಯಲ್ಲಿ, ಕುಶಾಲನಗರ ದಾಟಿದ ಮೇಲೆ. ನಿಮ್ಮ ಮನೆಗೆ ಬಂದದ್ದು ಭಾಗಮಂಡಲ, ನಾಪೋಕ್ಲು, ಸಿದ್ದಾಪುರ ಕಡೆಯಿಂದ ಇಳಿದ ನೀರು.

ಹೊಳೆದಂಡೆ
ನಕ್ಷೆ ನಮಗೂ ಗೊತ್ತು. ಕೆಳಗೆ ಹಾರಂಗಿ ತುಂಬಿ ಬಂದರೆ ಮೇಲಿನ ಕಾವೇರಿ ನೀರು ಎಲ್ಲಿಗೆ ಹೋಗಬೇಕು? ನಿಂತು ಹಿಂದಕ್ಕೆ ಒತ್ತುತ್ತದೆ. ಕೊಪ್ಪ ಸೇತುವೆ ಹತ್ತಿರ ನಿಂತು ಕಣ್ಣಾರೆ ನೋಡಿದ್ದೇನೆ.

ಕೂಡಿಗೆ ಕಡೆಯವ
ಹೊಳೆ ಜಾಗದಲ್ಲಿ ಮಣ್ಣು ತುಂಬಿಸಿ ಸೈಟು ಮಾಡಿ, ಆಮೇಲೆ ಅಣೆಕಟ್ಟನ್ನು ಬೈಯುವುದು ನ್ಯಾಯ ಅಲ್ಲ. ನಾವು ಚಿಕ್ಕವರಿದ್ದಾಗ ಆ ಕಡೆಯೆಲ್ಲ ಗದ್ದೆ. ಗದ್ದೆಯಲ್ಲಿ ನೀರು ನಿಲ್ಲದೆ ಇನ್ನೇನು?

ಹೊಳೆದಂಡೆ
ನಾನು ತುಂಬಿಸಲಿಲ್ಲ. ಕನ್ವರ್ಷನ್ ಆಗಿತ್ತು, ಪಂಚಾಯಿತಿ ಲೈಸೆನ್ಸ್ ಕೊಟ್ಟಿತ್ತು, ಬ್ಯಾಂಕು ಸಾಲ ಕೊಟ್ಟಿತ್ತು. ಮೂರೂ ಕಡೆ ದುಡ್ಡು ಕಟ್ಟಿದ್ದೇನೆ. ಈಗ ನನ್ನನ್ನು ಕಳ್ಳನ ಹಾಗೆ ಮಾತಾಡಿಸಬೇಡಿ.

ಎರಡು ಸೈಟು
ಎಲ್ಲರೂ ಹೆದರಿಸುತ್ತಿದ್ದೀರಿ. ಮೈಸೂರು–ಕುಶಾಲನಗರ 92 ಕಿ.ಮೀ. ಚತುಷ್ಪಥಕ್ಕೆ 2023ರಲ್ಲಿ ಅಡಿಗಲ್ಲು ಹಾಕಿದ್ದಾರೆ. ರೈಲು ಮಾರ್ಗಕ್ಕೆ 2019ರಲ್ಲೇ ಒಪ್ಪಿಗೆ ಸಿಕ್ಕಿತ್ತು. ತಾಲೂಕು ಕೇಂದ್ರವೂ ಆಯಿತು. ನಾನು ಎರಡು ಸೈಟು ಇಟ್ಟುಕೊಂಡಿದ್ದೇನೆ, ಮಾರುವುದಿಲ್ಲ.

ಬರೆಮನೆ ಮಡಿಕೇರಿ
ನಿಮ್ಮ ಸೈಟಿನಲ್ಲಿ ನೀವು ಒಂದು ರಾತ್ರಿ ಮಲಗಿದ್ದೀರಾ? ಮನೆ ಬೇಕಾದವರಿಗೆ ಸೈಟು ವ್ಯಾಪಾರದವರು ಬುದ್ಧಿ ಹೇಳಬಾರದು.

ಎರಡು ಸೈಟು
ಊರು ಬೆಳೆಯುವುದು ನಮ್ಮಂಥವರು ದುಡ್ಡು ಹಾಕುವುದರಿಂದಲೇ ಸ್ವಾಮಿ. ನೀವೆಲ್ಲ ಓಡಿ ಹೋದರೆ ಅಂಗಡಿಯೂ ಮುಚ್ಚುತ್ತದೆ, ಶಾಲೆಯೂ ಮುಚ್ಚುತ್ತದೆ.

ಮೈಸೂರಿನವ
ಎಲ್ಲರಿಗೂ ಧನ್ಯವಾದ. ಬ್ರೋಕರ್ ಕಳಿಸಿದ ಫೋಟೋ ಮತ್ತೆ ತೆಗೆದು ನೋಡಿದೆ. ಒಳಗೆಲ್ಲ ಹೊಸ ಬಣ್ಣ. ಸ್ವಿಚ್ಚುಗಳು ಮಾಮೂಲಿ ಎತ್ತರಕ್ಕಿಂತ ತುಂಬಾ ಮೇಲಿವೆ. ಕೇಳಿದ್ದಕ್ಕೆ ಮಕ್ಕಳ ಕೈಗೆ ಸಿಗಬಾರದು ಅಂತ ಹಾಗೆ ಹಾಕಿಸಿದ್ದಾರೆ ಅಂದರು. ಕೆಳಗೆ ಎರಡು ರೂಮು, ಮೇಲೆ ಬರೀ ತಾರಸಿ.

ಹೊಳೆದಂಡೆ
ಅವರು ಹೇಳಿದ್ದು ಸುಳ್ಳು. ನೀವು ಭಾನುವಾರ ಬನ್ನಿ, ನಾನೇ ಜೊತೆಗೆ ಬಂದು ನೀರು ಎಲ್ಲಿಯ ತನಕ ನಿಂತಿತ್ತು ಅಂತ ಕಾಂಪೌಂಡ್ ಗೋಡೆಯಲ್ಲೇ ತೋರಿಸುತ್ತೇನೆ. ಅಮ್ಮನನ್ನೂ ಕರೆದುಕೊಂಡು ಬನ್ನಿ. ತಾರಸಿ ಮೆಟ್ಟಿಲು ಹತ್ತಲು ಆಗುತ್ತದಾ ಅಂತ ಅವರೇ ನೋಡಲಿ.