ಹಾಸ್ಟೆಲ್ ಓದುಕೋಣೆಯಿಂದ ಮಾತ್ರ ಕೋಹಾ ಸರ್ವರ್ ತೆರೆಯುತ್ತಿಲ್ಲ, ಬೇರೆ ಲ್ಯಾಬ್‌ಗೆ ತೆರೆಯುತ್ತದೆ

ಪುಸ್ತಕಪಾಲಕಿ:

ನಮಸ್ಕಾರ. ಒಂದು ಪದವಿ ಕಾಲೇಜಿನ ಲೈಬ್ರರಿಯಲ್ಲಿ ಸಹಾಯಕಿಯಾಗಿದ್ದೇನೆ. ಕೋಹಾ (ಲೈಬ್ರರಿ ನಡೆಸುವ ಸಾಫ್ಟ್‌ವೇರ್) ಹಾಕಿರುವ ಸರ್ವರ್ ನೋಡಿಕೊಳ್ಳುವುದೂ ನನ್ನ ಕೆಲಸವೇ. ಉಬುಂಟು 22.04, ವಿಳಾಸ 192.168.10.5. ವಿದ್ಯಾರ್ಥಿಗಳು ಪುಸ್ತಕ ಹುಡುಕುವ ಪುಟ 80ನೇ ಪೋರ್ಟ್‌ನಲ್ಲಿ, ನಮ್ಮ ಕೌಂಟರ್ ಕೆಲಸ 8080ರಲ್ಲಿ. ಹಳೆಯ ಪ್ರಶ್ನೆಪತ್ರಿಕೆಗಳ ಸ್ಕ್ಯಾನ್ ಪ್ರತಿಗಳೂ ಅದರಲ್ಲೇ ಇವೆ.

ನೆಟ್‌ವರ್ಕ್ ವಿಳಾಸಗಳು ಹೀಗಿವೆ: ಲೈಬ್ರರಿ 192.168.10.0/24 (ಅಂದರೆ 192.168.10ರಿಂದ ಶುರುವಾಗುವ ವಿಳಾಸಗಳೆಲ್ಲ). ಕಂಪ್ಯೂಟರ್ ಲ್ಯಾಬ್ 172.16.5.0/24. ಹೆಣ್ಣುಮಕ್ಕಳ ಹಾಸ್ಟೆಲ್‌ನ ಓದುಕೋಣೆ 172.18.4.0/24, ಅಲ್ಲಿ 12 ಕಂಪ್ಯೂಟರ್ ಇವೆ. ಮೂರೂ ಒಂದೇ ಲೇಯರ್ 3 ಸ್ವಿಚ್‌ಗೆ (ನೆಟ್‌ವರ್ಕ್‌ಗಳ ನಡುವೆ ದಾರಿ ಮಾಡಿಕೊಡುವ ಸಾಧನ) ಸೇರುತ್ತವೆ. ಕಂಪ್ಯೂಟರ್ ಲ್ಯಾಬ್‌ನಿಂದ ಕೋಹಾ ಚೆನ್ನಾಗಿ ತೆರೆಯುತ್ತದೆ. ಹಾಸ್ಟೆಲ್‌ನಿಂದ ಮೂರು ವಾರದಿಂದ ತೆರೆಯುತ್ತಿಲ್ಲ. ಬ್ರೌಸರ್ ಸುತ್ತುತ್ತಾ ಕೂತು ಕೊನೆಗೆ ಟೈಮ್‌ಔಟ್ ಅನ್ನುತ್ತದೆ.

ನಾನೇ ಹಾಸ್ಟೆಲ್‌ಗೆ ಹೋಗಿ 172.18.4.21 ಎಂಬ ಕಂಪ್ಯೂಟರ್ ಮುಂದೆ ಕೂತು ನೋಡಿದೆ. 172.18.4.1ಕ್ಕೆ ಪಿಂಗ್ (ಆ ವಿಳಾಸ ತಲುಪುತ್ತದೆಯೇ ಎಂದು ನೋಡುವ ಪರೀಕ್ಷೆ) ಹೋಗುತ್ತದೆ, 192.168.10.1ಕ್ಕೂ ಹೋಗುತ್ತದೆ. ಲೈಬ್ರರಿ ಕೌಂಟರ್‌ನ 192.168.10.31ಕ್ಕೂ ಹೋಗುತ್ತದೆ. 192.168.10.5ಕ್ಕೆ ಮಾತ್ರ ಇಲ್ಲ. ವಾಪಸ್ ಬಂದು ಸರ್ವರ್‌ನಿಂದ 172.18.4.1ಕ್ಕೆ ಪಿಂಗ್ ಮಾಡಿದರೆ ‘ಫ್ರಮ್ 172.18.0.1, ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂದು ಬರುತ್ತದೆ. ಆ ವಿಳಾಸದ ಯಾವ ಸಾಧನವೂ ನನ್ನ ಪಟ್ಟಿಯಲ್ಲಿಲ್ಲ. ಫೈರ್‌ವಾಲ್ ಹತ್ತು ನಿಮಿಷ ಆಫ್ ಮಾಡಿಯೂ ನೋಡಿದೆ, ಅದೇ ಕಥೆ.

ಹಾಸ್ಟೆಲ್ ಗೇಟ್ ಸಂಜೆ ಆರೂವರೆಗೆ ಮುಚ್ಚುತ್ತದೆ. ಅದಾದ ಮೇಲೆ ಆ ಮಕ್ಕಳಿಗೆ ಲೈಬ್ರರಿ ಅಂದರೆ ಆ 12 ಕಂಪ್ಯೂಟರ್ ಅಷ್ಟೇ. ಪರೀಕ್ಷೆ ಹತ್ತಿರ ಬಂತು. ದಯವಿಟ್ಟು ದಾರಿ ತೋರಿಸಿ.

ಮಲೆನಾಡಿಗ:

ಮೇಡಂ, ಸರ್ವರ್‌ನಲ್ಲಿ ಸಬ್‌ನೆಟ್ ಮಾಸ್ಕ್ (ಯಾವ ವಿಳಾಸಗಳು ತನ್ನದೇ ನೆಟ್‌ವರ್ಕ್‌ನವು ಎಂದು ಹೇಳುವ ಸಂಖ್ಯೆ) ಎಷ್ಟಿದೆ ನೋಡಿ. ನಮ್ಮಲ್ಲಿ ಒಮ್ಮೆ ಯಾರೋ 255.255.255.0 ಹಾಕುವ ಕಡೆ 255.255.0.0 ಹಾಕಿದ್ದರು. ಪಕ್ಕದ ಕಟ್ಟಡದ 192.168.20ರ ಕಂಪ್ಯೂಟರ್‌ಗಳನ್ನೂ ಸರ್ವರ್ ತನ್ನದೇ ನೆಟ್‌ವರ್ಕ್ ಅಂದುಕೊಂಡು, ಗೇಟ್‌ವೇಗೆ (ಬೇರೆ ನೆಟ್‌ವರ್ಕ್‌ಗೆ ದಾಟಿಸುವ ಬಾಗಿಲು) ಕಳಿಸದೆ ಅಲ್ಲೇ ಆರ್ಪ್‌ನಲ್ಲಿ (ಈ ವಿಳಾಸ ಯಾರದು ಎಂದು ತನ್ನ ನೆಟ್‌ವರ್ಕ್‌ನಲ್ಲೇ ಕೇಳುವ ಕ್ರಮ) ಕೂಗುತ್ತಾ ಕೂತಿತ್ತು. ಉತ್ತರ ಕೊಡುವವರು ಯಾರೂ ಇರಲಿಲ್ಲ. ಗೇಟ್‌ವೇ ಸಾಲು ಇದೆಯಾ ಅನ್ನುವುದನ್ನೂ ನೆಟ್‌ಪ್ಲಾನ್ ಫೈಲ್‌ನಲ್ಲಿ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್) ನೋಡಿ.

ಪುಸ್ತಕಪಾಲಕಿ:

ನೋಡಿದೆ ಸರ್. ಮಾಸ್ಕ್ /24, ಗೇಟ್‌ವೇ 192.168.10.1. ಗೇಟ್‌ವೇ ಇಲ್ಲದಿದ್ದರೆ 172.16ರ ಲ್ಯಾಬ್‌ಗೂ ಸಿಗಬಾರದಿತ್ತು ಅಲ್ಲವೇ?

ಸ್ವಿಚ್‌ರೂಮ್:

ಲೇಯರ್ 3 ಸ್ವಿಚ್‌ನಲ್ಲಿ ಹಾಸ್ಟೆಲ್ ವಿಎಲ್ಯಾನ್‌ಗೆ (ಸ್ವಿಚ್‌ನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ಆಕ್ಸೆಸ್ ಲಿಸ್ಟ್ (ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ಪಟ್ಟಿ) ಹಾಕಿರಬಹುದು. ಸ್ವಿಚ್ ಅಳವಡಿಸಿದವರನ್ನು ಕರೆಸಿ ನೋಡಿಸಿ.

ಕೇಬಲ್ ಮಾಸ್ತರ:

ತಡೀರಿ ಅಕ್ಕಾರ, ಈಗ ಯಾರನ್ನೂ ಕರಸಬ್ಯಾಡ್ರಿ, ಸುಮ್ಮನ ರೊಕ್ಕ ಹೋಗ್ತದ. ಹಾಸ್ಟೆಲ್‌ನಿಂದ ಅದ ಲೈಬ್ರರಿಯ 10.31ಕ್ಕ ಪಿಂಗ್ ಹೋಗ್ತದ ಅಂದ್ಮ್ಯಾಲೆ ಸ್ವಿಚ್ ದಾರಿ ಬಿಟ್ಟದ ಅಂತ ಅರ್ಥ. ಒಂದ ಸರ್ವರ್‌ಗಂತ ಅಡ್ಡ ಹಾಕಿರಬಹುದು, ಆದ್ರ ನನಗ ಹಂಗ ಅನಸೂದಿಲ್ಲ.

ನಿಮ್ಮ ಪ್ರಶ್ನೆದಾಗನ ಉತ್ತರ ಅದ. ‘ಫ್ರಮ್ 172.18.0.1’ ಅಂತ ಬರ್ದೀರಿ. ಹೋಸ್ಟ್ ಸಿಗಲಿಲ್ಲ ಅಂತ ಹೇಳಿದ್ದು ಹೊರಗಿನ ರೌಟರ್ ಅಲ್ಲ, ನಿಮ್ಮ ಸರ್ವರ್ರ. ಆ ವಿಳಾಸ ಸರ್ವರ್ ಒಳಗನ ಎಲ್ಲೋ ಕುಂತದ. ಅದರಾಗ ಯಾರರ ಡಾಕರ್ (ಆ್ಯಪ್‌ಗಳನ್ನ ಬ್ಯಾರೆ ಬ್ಯಾರೆ ಡಬ್ಬಿಯೊಳಗ ಓಡಸೂ ಸಾಫ್ಟ್‌ವೇರ್, ಅವಕ್ಕಂತ ಸರ್ವರ್ ಒಳಗನ ನೆಟ್‌ವರ್ಕ್ ಮಾಡ್ತದ) ಹಾಕ್ಯಾರೇನು? ಎರಡು ಕಮಾಂಡ್ ಕೊಟ್ಟು ಏನ್ ಬರ್ತದ ಇಲ್ಲಿ ಬರೀರಿ: ‘ಐಪಿ ರೌಟ್’ (ಯಾವ ವಿಳಾಸಕ್ಕ ಯಾವ ದಾರಿ ಅನ್ನೂ ಪಟ್ಟಿ), ಆಮ್ಯಾಲೆ ‘ಐಪಿ ರೌಟ್ ಗೆಟ್ 172.18.4.21’. ಹಾಸ್ಟೆಲ್‌ನಿಂದ ಯಾರರ ಪಿಂಗ್ ಹಚ್ಚಿ ಇಟ್ಟಾಗ ಸರ್ವರ್‌ದಾಗ ಟಿಸಿಪಿಡಂಪ್ (ಬಂದು ಹೋಗೂ ಪ್ಯಾಕೆಟ್ ತೋರಸೂ ಕಮಾಂಡ್) ಹಾಕಿ, ಬಂದ ಪ್ಯಾಕೆಟ್‌ಗೆ ಉತ್ತರ ಯಾವ ಇಂಟರ್‌ಫೇಸ್‌ನಿಂದ ಹೊಂಡ್ತದ ಅಂತನೂ ನೋಡ್ರಿ.

ಪುಸ್ತಕಪಾಲಕಿ:

ಸರ್, ಡಾಕರ್ ಇದೆ! ಅಂತಿಮ ವರ್ಷದ ಬಿಸಿಎ ಮಕ್ಕಳು ನಾಲ್ವರು ಹಾಜರಾತಿ ಆ್ಯಪ್ ಪ್ರಾಜೆಕ್ಟ್‌ಗೆ ಜಾಗ ಕೇಳಿದ್ದರು. ಸರ್ವರ್‌ನಲ್ಲಿ ಮೆಮೊರಿ ಧಾರಾಳ ಇದೆ ಅಂತ ನಾನೇ ಒಪ್ಪಿದ್ದೆ. ಅವರು ಹಾಕಿದ್ದೂ ಸರಿಯಾಗಿ ಮೂರು ವಾರದ ಹಿಂದೆ. ಕೋಹಾ ಡಾಕರ್ ಒಳಗಿಲ್ಲ, ಹಾಗಾಗಿ ಎರಡಕ್ಕೂ ಸಂಬಂಧ ಕಲ್ಪಿಸಿಯೇ ಇರಲಿಲ್ಲ.

‘ಐಪಿ ರೌಟ್’ನಲ್ಲಿ ಡಿಫಾಲ್ಟ್ ಸಾಲು 192.168.10.1ರ ಮೂಲಕ. ಅದರ ಜೊತೆ 172.17.0.0/16 ಡಾಕರ್0 ಎಂದೂ, 172.18.0.0/16 ‘ಬಿಆರ್’ ಎಂದು ಶುರುವಾಗುವ ಉದ್ದ ಹೆಸರಿನ ಇಂಟರ್‌ಫೇಸ್ ಎಂದೂ ಎರಡು ಸಾಲು ಇವೆ. 172.18.4.21ಕ್ಕೆ ಯಾವ ದಾರಿ ಎಂದು ಕೇಳಿದರೆ ಅದೇ ಬಿಆರ್ ತೋರಿಸುತ್ತದೆ. ಟಿಸಿಪಿಡಂಪ್‌ನಲ್ಲಿ ಹಾಸ್ಟೆಲ್‌ನ ಪಿಂಗ್ ನಮ್ಮ ನಿಜವಾದ ನೆಟ್‌ವರ್ಕ್ ಕಾರ್ಡ್‌ಗೆ ಸೆಕೆಂಡಿಗೊಂದರಂತೆ ಬರುತ್ತಿದೆ, ಉತ್ತರ ಆ ಕಡೆ ಹೋಗುತ್ತಿಲ್ಲ. ಬಿಆರ್ ಕಡೆ ‘172.18.4.21 ಯಾರು’ ಎಂಬ ಆರ್ಪ್ ಮೇಲಿಂದ ಮೇಲೆ ಓಡುತ್ತಿದೆ.

ಕೇಬಲ್ ಮಾಸ್ತರ:

ಸಿಕ್ತು ನೋಡ್ರಿ. ಹಾಸ್ಟೆಲ್ ಹುಡುಗಿ ಕಳಿಸಿದ್ದು ನಿಮ್ಮ ಸರ್ವರ್ ತನಕ ಬಂದ ಬರ್ತದ. ಉತ್ತರ ವಾಪಸ್ ಕಳಸೂ ಮುಂದ ಸರ್ವರ್ ತನ್ನ ಪಟ್ಟಿ ನೋಡ್ತದ. 172.18ರಿಂದ ಶುರು ಆಗೂದೆಲ್ಲಾ ತನ್ನ ಒಳಗಿನ ಡಾಕರ್ ಸೇತುವಿ ಮ್ಯಾಲೆ ಅದ ಅಂತ ಅಲ್ಲಿ ಬರ್ದದ. ಹೆಚ್ಚು ನಿಖರ ಇದ್ದ ಸಾಲ ಗೆಲ್ತದ, ಡಿಫಾಲ್ಟ್ ಯಾವಾಗಲೂ ಕಡೀಕೆ. ಹಿಂಗಾಗಿ ಉತ್ತರ ಸರ್ವರ್ ಒಳಗನ ತಿರುಗಿ ಸಾಯ್ತದ. 172.16ರ ಲ್ಯಾಬ್‌ಗೆ ಯಾಕ ಸಿಗ್ತದ? 172.16 ಡಾಕರ್ ತಗೊಂಡಿಲ್ಲ, ಅದು 172.17ರಿಂದ ಎಣಸ್ತದ. 17 ಅದರ ಸ್ವಂತ ಸೇತುವಿ, ಮೊದಲನೇ ಕಂಪೋಸ್ ಪ್ರಾಜೆಕ್ಟ್‌ಗೆ (ಡಾಕರ್‌ದಾಗ ಒಟ್ಟಿಗೆ ಎಬ್ಬಿಸೂ ಡಬ್ಬಿಗಳ ಗುಂಪು) 18, ಮುಂದಿನದಕ್ಕ 19, ಹಂಗ ಮುಂದ.

ಮಕ್ಕಳನ್ನ ಬೈಬ್ಯಾಡ್ರಿ ಅಕ್ಕಾರ. ಡಾಕರ್ ಜಾಗ ಆರಿಸೂ ಮುಂದ ಆ ಸರ್ವರ್‌ನ ರೌಟ್ ಪಟ್ಟಿ ನೋಡ್ಕೋತದ, ಖರೆ. ಆದ್ರ ನಿಮ್ಮ ಹಾಸ್ಟೆಲ್ ಆ ಪಟ್ಟಿಯೊಳಗ ಇರಲ ಇಲ್ಲ, ಗೇಟ್‌ವೇ ಹಿಂದ ಅಡಗಿತ್ತು. 1996ರ ಆರ್‌ಎಫ್‌ಸಿ 1918 ಅನ್ನೂ ಇಂಟರ್‌ನೆಟ್ ದಾಖಲಿಯೊಳಗ ಖಾಸಗಿ ಬಳಕೆಗಂತ ಮೂರು ತುಂಡು ಬಿಟ್ಟಾರ: 10ರದು ಪೂರಾ, 172.16ರಿಂದ 172.31, ಮತ್ತ 192.168. ಕಾಲೇಜಿನವರೂ ಅದರಾಗಿಂದ ತಗೊಂಡ್ರು, ಡಾಕರೂ ಅದರಾಗಿಂದ ತಗೊಂಡ್ತು. ಇಬ್ಬರದೂ ತಪ್ಪಲ್ಲ.

ಇವತ್ತ ರಾತ್ರಿ ಹುಡುಗ್ಯಾರಿಗೆ ಬೇಕಲ್ಲ, ಈಗಿಂದೀಗ ಇದನ್ನ ಕೊಡ್ರಿ: ‘ಸುಡೊ ಐಪಿ ರೌಟ್ ಆಡ್ 172.18.4.0/24 ವಯಾ 192.168.10.1’. /24 ಸಾಲು /16ಕ್ಕಿಂತ ನಿಖರ, ಅದ ಗೆಲ್ತದ. ಯಾವ ಸರ್ವಿಸ್ಸೂ ನಿಲ್ಲಸೂದು ಬ್ಯಾಡ. ಸರ್ವರ್ ರೀಸ್ಟಾರ್ಟ್ ಆದ್ರ ಈ ಸಾಲು ಅಳಿಸಿ ಹೋಗ್ತದ, ಅಷ್ಟ ನೆನಪಿಡ್ರಿ.

ಪುಸ್ತಕಪಾಲಕಿ:

ತೆರೆಯಿತು ಸರ್! ಈಗ ಸಮಯ ಏಳೂಕಾಲು. ಹಾಸ್ಟೆಲ್‌ನಿಂದ ವಾರ್ಡನ್ ಫೋನ್ ಮಾಡಿ ಹೇಳಿದರು, ನಾಲ್ಕು ಜನ ಆಗಲೇ ಪ್ರಶ್ನೆಪತ್ರಿಕೆ ತೆರೆದು ಕೂತಿದ್ದಾರಂತೆ. ನಿಮ್ಮ ಉಪಕಾರ ಮರೆಯುವುದಿಲ್ಲ. ಶಾಶ್ವತವಾಗಿ ಸರಿಮಾಡುವುದು ಹೇಗೆ?

ಕೇಬಲ್ ಮಾಸ್ತರ:

ಭಾಳ ಖುಷಿ ಆತು. ಈಗ ಬೇರಿಗೆ ಕೈ ಹಾಕೂಣು. ಮೊದಲು ನಿಮ್ಮ ಕ್ಯಾಂಪಸ್‌ದಾಗ ಎಲ್ಲೆಲ್ಲಿ ಯಾವ ವಿಳಾಸ ಹಂಚ್ಯಾರ ಅಂತ ಪೂರಾ ಪಟ್ಟಿ ತಗೋರಿ. ಯಾರೂ ಮುಟ್ಟಲಾರದ ತುಂಡು ಆರಿಸ್ರಿ, 10.200.0.0/16 ಅಂತ ಅನ್ಕೊಳ್ಳೂಣು. ಈಟಿಸಿ ಒಳಗ ಡಾಕರ್ ಫೋಲ್ಡರ್‌ದಾಗ ಡೀಮನ್ ಡಾಟ್ ಜೇಸನ್ ಅಂತ ಫೈಲ್ ಇರ್ತದ, ಇಲ್ಲಂದ್ರ ಮಾಡ್ರಿ. ಅದರಾಗ ಡಿಫಾಲ್ಟ್ ಅಡ್ರೆಸ್ ಪೂಲ್ಸ್ ಅಂತ ಬರ್ದು, ಬೇಸ್ ಆ ತುಂಡು, ಸೈಜ್ 24 ಕೊಡ್ರಿ. 256 ಸಣ್ಣ ನೆಟ್‌ವರ್ಕ್ ಆಗ್ತಾವ, ನಿಮಗ ಸಾಕಷ್ಟಾತು.

ಡಾಕರ್ ರೀಸ್ಟಾರ್ಟ್ ಮಾಡಿದ್ರ ಮುಗೀತು ಅಂತ ತಿಳೀಬ್ಯಾಡ್ರಿ. ಮೊದಲ ಹುಟ್ಟಿದ ನೆಟ್‌ವರ್ಕ್ ಹಳೇ ವಿಳಾಸ ಹಿಡ್ಕೊಂಡ ಇರ್ತದ. ಪ್ರಾಜೆಕ್ಟ್ ಫೋಲ್ಡರ್‌ದಾಗ ಕಂಪೋಸ್ ಡೌನ್, ಹೊಳ್ಳಿ ಕಂಪೋಸ್ ಅಪ್ ಕೊಡಬೇಕು. ಬರೇ ಸ್ಟಾಪ್ ಕೊಟ್ರ ನೆಟ್‌ವರ್ಕ್ ಅಳಿಯೂದಿಲ್ಲ. ಕೈಮುಗಿದು ಹೇಳ್ತೀನಿ, ಡೌನ್ ಮುಂದ ಮೈನಸ್ ವಿ ಹಚ್ಚಬ್ಯಾಡ್ರಿ. ಅದನ್ನ ಹಚ್ಚಿದ್ರ ವಾಲ್ಯೂಮ್ (ಡಾಕರ್ ಡೇಟಾ ಇಡೂ ಜಾಗ) ಸಮೇತ ಹೋಗಿ ಮಕ್ಕಳ ಡೇಟಾಬೇಸ್ ಪೂರಾ ಅಳೀತದ.

ಮಲೆನಾಡಿಗ:

ನಾನು ಹೇಳಿದ ಮಾಸ್ಕ್ ಕಥೆಯೂ ಇದೂ ಒಳಗೆ ಒಂದೇ. ದೂರದವರನ್ನು ಸರ್ವರ್ ತನ್ನ ಮನೆಯವರೆಂದು ತಿಳಿದು ಗೇಟ್‌ವೇ ಕಡೆ ಹೋಗುವುದನ್ನೇ ಬಿಡುತ್ತದೆ. ಕಂಪೋಸ್ ಫೈಲ್‌ನಲ್ಲೇ ಸಬ್‌ನೆಟ್ ಬರೆದುಬಿಟ್ಟಿದ್ದರೆ ಡೀಮನ್ ಫೈಲ್ ಬದಲಿಸಿದರೂ ಪ್ರಯೋಜನವಿಲ್ಲ ಮೇಡಂ, ಅದನ್ನೂ ಒಮ್ಮೆ ನೋಡಿ.

ಪುಸ್ತಕಪಾಲಕಿ:

ಕಂಪೋಸ್ ಫೈಲ್‌ನಲ್ಲಿ ಸಬ್‌ನೆಟ್ ಬರೆದಿರಲಿಲ್ಲ. ಶನಿವಾರ ಮಧ್ಯಾಹ್ನ ಕೌಂಟರ್ ಮುಚ್ಚಿದ ಮೇಲೆ ಆ ನಾಲ್ವರನ್ನೂ ಕೂರಿಸಿಕೊಂಡು, ಮೊದಲು ಅವರ ಡೇಟಾಬೇಸ್‌ನ ಪ್ರತಿ ಪೆನ್‌ಡ್ರೈವ್‌ಗೆ ತೆಗೆದು, ನೀವು ಹೇಳಿದ ಕ್ರಮದಲ್ಲೇ ಮಾಡಿದೆವು. ಅವರ ಆ್ಯಪ್ ಈಗ 10.200.1.0/24ರಲ್ಲಿ ಓಡುತ್ತಿದೆ, ಡೇಟಾ ಇದ್ದಂತೆಯೇ ಇದೆ. ರಾತ್ರಿ ಕೊಟ್ಟಿದ್ದ ತಾತ್ಕಾಲಿಕ ರೌಟ್ ತೆಗೆದು, ಸರ್ವರ್ ಒಮ್ಮೆ ರೀಸ್ಟಾರ್ಟ್ ಮಾಡಿ, 172.18.4.21ಕ್ಕೆ ದಾರಿ ಕೇಳಿದೆ. 192.168.10.1 ಎಂದಿತು. ಅವರಲ್ಲಿ ಒಬ್ಬಳು ಅದೇ ಹಾಸ್ಟೆಲ್‌ನವಳು. ಮೂರು ವಾರದಿಂದ ಅವಳಿಗೂ ಕೋಹಾ ಸಿಕ್ಕಿರಲಿಲ್ಲ, ಕಾರಣ ಅವಳಿಗೂ ಗೊತ್ತಿರಲಿಲ್ಲ. ಗೇಟ್ ಮುಚ್ಚುವ ಮೊದಲು ಓಡಿ ಹೋಗಿ 12 ಕಂಪ್ಯೂಟರ್‌ನಲ್ಲೂ ತೆರೆದು ನೋಡಿ ನನಗೆ ಮೆಸೇಜ್ ಹಾಕಿದಳು. 9ನೆಯದರ ಕೇಬಲ್ ಮಾತ್ರ ಸಡಿಲವಾಗಿದೆಯಂತೆ, ಸೋಮವಾರ ಹೋಗಿ ನೋಡುತ್ತೇನೆ.